ಊರೊಟ್ಟಿನ ಕೆಲಸಕ್ಕೆ ಒಂದು ವರ್ಷದ ಪಂಚಾಂಗ



ತೋಟಕ್ಕೆ ಬೇಲಿ ಹಾಕುವುದು ದನಕರು ನುಗ್ಗದಿರಲೆಂದು. ರೋಗಕ್ಕೆ, ಕೀಟಕ್ಕೆ, ಹರಿಯುವ ನೀರಿಗೆ ಆ ಬೇಲಿಯ ಪರಿವೆ ಇಲ್ಲ. ಒಬ್ಬನು ಎಷ್ಟೇ ಶ್ರದ್ಧೆಯಿಂದ ತನ್ನ ಒಂದೆಕರೆಯನ್ನು ನೋಡಿಕೊಂಡರೂ ಪಕ್ಕದ ತೋಟದ ಕೊಳೆರೋಗ ಒಂದು ಬಿರುಮಳೆಗೆ ಇತ್ತ ಬರುತ್ತದೆ. ಮೇಲಿನವನು ಹಳ್ಳಕ್ಕೆ ಬಿಟ್ಟ ಪಲ್ಪರ್ ನೀರು ಕೆಳಗಿನವನ ಬಾವಿಯ ಬುಡಕ್ಕೆ ಬರುತ್ತದೆ. ಹೀಗಿರಲಾಗಿ ತೋಟದ ಕೆಲಸಗಳಲ್ಲಿ ಕೆಲವನ್ನಾದರೂ ಊರೊಟ್ಟಾಗಿ, ಒಂದೇ ವಾರದಲ್ಲಿ ಮಾಡಿ ಮುಗಿಸುವುದು ಅವಶ್ಯ.

ಇದು ಹೊಸ ಮಾತೇನಲ್ಲ. ಮುಯ್ಯಾಳು ಪದ್ಧತಿ ನಮ್ಮ ಮಲೆನಾಡಿಗೆ ಹಳೆಯದು. ಈ ದಿನ ನಿಮ್ಮ ಮನೆಯ ನಾಟಿಗೆ ನಾವು, ನಾಳೆ ನಮ್ಮ ಮನೆಯ ನಾಟಿಗೆ ನೀವು ಎಂಬ ಆ ಲೆಕ್ಕಾಚಾರವನ್ನೇ ತೋಟಕ್ಕೆ ಅನ್ವಯಿಸಬೇಕಾಗಿದೆ. ಬರುವ ಮಳೆಗಾಲದಿಂದ ಮುಂದಿನ ಬೇಸಿಗೆಯವರೆಗೆ ಊರೂರಿನಲ್ಲಿ ನಡೆಸಬಹುದಾದ ಕಾರ್ಯಕ್ರಮಗಳನ್ನು ಇಲ್ಲಿ ಋತುಮಾನಕ್ಕೆ ತಕ್ಕಂತೆ ಕೊಟ್ಟಿದೆ. ಯಾವ ಕೆಲಸ ಏಕೆ ಒಟ್ಟಾಗಿ ಆಗಬೇಕು ಎಂಬುದನ್ನೂ ವಿವರಿಸಿದೆ. ದಿನವನ್ನು ಆಯಾ ಊರಿನವರೇ ಗೊತ್ತುಮಾಡಿಕೊಳ್ಳತಕ್ಕದ್ದು.

ಮೃಗಶಿರಾ ಮಳೆಗೆ ಮುನ್ನ: ಸಿಂಪರಣೆಯ ವಾರ

ಅಡಿಕೆಯ ಕೊಳೆರೋಗಕ್ಕೆ ಕಾರಣವಾದ ಶಿಲೀಂಧ್ರ ನೀರಿನಲ್ಲಿ ಬದುಕುವ ಜಾತಿಯದು. ಅದರ ಬೀಜಾಣುಗಳು ನೀರಿನ ಹನಿಯಲ್ಲಿ ಈಜಬಲ್ಲವು. ಗಾಳಿ ಮಳೆಯ ಎರಚಲಿನೊಂದಿಗೆ ಮರದಿಂದ ಮರಕ್ಕೆ, ತೋಟದಿಂದ ತೋಟಕ್ಕೆ ಹೋಗಬಲ್ಲವು. ಹಿಂದಿನ ವರ್ಷದ ರೋಗದ ಕಾಯಿ ಮತ್ತು ಒಣಗಿ ಮರದಲ್ಲೇ ಉಳಿದ ಕೊನೆಗಳು ಅದಕ್ಕೆ ಆಶ್ರಯ. ರೋಗ ಬಲವಾದ ವರ್ಷ ಅರ್ಧಕ್ಕಿಂತ ಹೆಚ್ಚು ಫಸಲು ನೆಲ ಸೇರುವುದುಂಟು. ಅದೇ ರೋಗ ಸುಳಿಗೆ ಇಳಿದರೆ ಮರವೇ ಹೋಗುತ್ತದೆ.

ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅವರು ಈ ರೋಗವನ್ನು ಅಭ್ಯಸಿಸಿ 1910ರಲ್ಲಿಯೇ ವರದಿ ಪ್ರಕಟಿಸಿದರು. ಅದಕ್ಕೆ ಮುಂಚೆ ಕೊನೆಗಳಿಗೆ ಕೊಟ್ಟೆ ಕಟ್ಟುವುದೊಂದೇ ನಮ್ಮವರಿಗೆ ತಿಳಿದಿದ್ದ ಉಪಾಯ. ಅವರು ರೂಢಿಗೆ ತಂದ ಬೋರ್ಡೋ ದ್ರಾವಣವನ್ನೇ ನೂರು ವರ್ಷ ಕಳೆದರೂ ನಾವು ನೆಚ್ಚಿಕೊಂಡಿದ್ದೇವೆ. ಅದು ರೋಗ ಬಾರದಂತೆ ತಡೆಯುವ ಮದ್ದು. ಬಂದ ಮೇಲೆ ಅದರಿಂದ ಪ್ರಯೋಜನ ಕಡಿಮೆ. ಆದ್ದರಿಂದ ಮೊದಲನೆಯ ಸಿಂಪರಣೆ ಮಳೆ ಹಿಡಿಯುವ ಮುನ್ನವೇ, ಅಂದರೆ ಮೇ ಕೊನೆಯ ವಾರ ಅಥವಾ ಜೂನ್ ಮೊದಲ ದಿನಗಳಲ್ಲಿ ಆಗಬೇಕು.

ಶೇಕಡ ಒಂದರ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ, ಒಂದು ಕಿಲೋ ಸುಣ್ಣವನ್ನು ಇನ್ನೊಂದು 50 ಲೀಟರ್ ನೀರಿನಲ್ಲಿ ಪ್ರತ್ಯೇಕವಾಗಿ ಕರಗಿಸಬೇಕು. ಬಳಿಕ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತ ಕಲಕಬೇಕು. ಸುಣ್ಣದ ನೀರನ್ನು ಮೈಲುತುತ್ತಕ್ಕೆ ಸುರಿಯಬಾರದು. ಕಬ್ಬಿಣದ ಪಾತ್ರೆ ಸಲ್ಲದು. ಉಜ್ಜಿ ಹೊಳಪು ಮಾಡಿದ ಚಾಕುವಿನ ಅಲಗನ್ನು ಸ್ವಲ್ಪ ಹೊತ್ತು ಅದ್ದಿ ನೋಡಿ. ಕೆಂಪು ಲೇಪ ಹಿಡಿದರೆ ಸುಣ್ಣ ಸಾಲದೆಂದು ತಿಳಿದು ಇನ್ನಷ್ಟು ಸುಣ್ಣದ ನೀರು ಸೇರಿಸಬೇಕು. ಮಾಡಿದ ದ್ರಾವಣವನ್ನು ಅದೇ ದಿನ ಮುಗಿಸಬೇಕು. ಪಂಪು, ಡ್ರಮ್ಮುಗಳನ್ನು ಕೆರೆ ಹಳ್ಳಗಳಲ್ಲಿ ತೊಳೆಯಕೂಡದು. ತಾಮ್ರ ಮೀನಿಗೆ ವಿಷ.

ಇಷ್ಟೆಲ್ಲ ತಿಳಿದಿದ್ದರೂ ಸಣ್ಣ ಬೆಳೆಗಾರ ಸೋಲುವುದು ಬೇರೆಡೆ. ಮರ ಹತ್ತಿ ಮದ್ದು ಹೊಡೆಯುವ ಕೊನೆಗಾರರು ವಿರಳವಾಗಿದ್ದಾರೆ. ಇರುವ ಕೆಲವರು ಮೊದಲು ಹತ್ತೆಕರೆಯ ತೋಟಕ್ಕೆ ಹೋಗುತ್ತಾರೆ. ಅರ್ಧ ಎಕರೆಯವರ ಸರದಿ ಬರುವಷ್ಟರಲ್ಲಿ ಆರಿದ್ರಾ ಮಳೆ ಹಿಡಿದಿರುತ್ತದೆ. ಆಗ ಆ ಅರ್ಧ ಎಕರೆಯಲ್ಲಿ ಎದ್ದ ರೋಗ ಹತ್ತೆಕರೆಗೂ ವ್ಯಾಪಿಸುತ್ತದೆ. ದೊಡ್ಡ ತೋಟದವರು ಇದನ್ನು ಉಪಕಾರವೆಂದು ಭಾವಿಸದೆ ತಮ್ಮ ಸ್ವಂತ ಹಿತವೆಂದೇ ಎಣಿಸಬೇಕು.

ಊರಿನವರೆಲ್ಲ ಸೇರಿ ಕೊನೆಗಾರರನ್ನು ಒಟ್ಟಾಗಿ ಗೊತ್ತುಮಾಡಿ, ಕಳೆದ ವರ್ಷ ರೋಗ ಬಂದ ತೋಟ ಮತ್ತು ತೇವ ಹೆಚ್ಚಿರುವ ಕಣಿವೆಯ ತೋಟಗಳಿಗೆ ಮೊದಲ ಸರದಿ ಕೊಡುವುದು ನ್ಯಾಯವೂ ಹೌದು, ಶಾಸ್ತ್ರೀಯವೂ ಹೌದು. ನೆಲದಲ್ಲೇ ನಿಂತು ಸಿಂಪಡಿಸಬಹುದಾದ ಫೈಬರ್ ದೋಟಿಗಳು ಈಗ ಬಳಕೆಯಲ್ಲಿವೆ. ಒಬ್ಬರಿಗೆ ಅದರ ಬೆಲೆ ಭಾರವಾದರೂ ಹತ್ತು ಮನೆ ಸೇರಿದರೆ ಒಂದನ್ನು ಕೊಳ್ಳಬಹುದು. ಮರ ಹತ್ತುವವರಿಗೆ ಅಪಘಾತ ವಿಮೆ ಮಾಡಿಸುವುದನ್ನೂ ಅದೇ ಸಭೆಯಲ್ಲಿ ತೀರ್ಮಾನಿಸಿರಿ.

ಜುಲೈ: ಗಿಡ ನೆಡುವ ದಿನ

1950ರಲ್ಲಿ ಕೆ. ಎಂ. ಮುನ್ಷಿಯವರು ಕೇಂದ್ರ ಮಂತ್ರಿಗಳಾಗಿದ್ದಾಗ ಪ್ರಾರಂಭಿಸಿದ ವನಮಹೋತ್ಸವ ಜುಲೈ ಮೊದಲ ವಾರದಲ್ಲಿ ಬರುತ್ತದೆ. ಜುಲೈ ಮೊದಲನೆಯ ಶನಿವಾರ ಅಂತರರಾಷ್ಟ್ರೀಯ ಸಹಕಾರ ದಿನ. ಎರಡನ್ನೂ ಸೇರಿಸಿ ಆಚರಿಸಲು ಅನುಕೂಲವಾಗಿದೆ. ಸಭೆ ಭಾಷಣಗಳಿಗಿಂತ ಗುಂಡಿ ತೋಡಿ ಗಿಡ ನೆಡುವುದಕ್ಕೆ ಹೆಚ್ಚು ಹೊತ್ತು ಮೀಸಲಿರಲಿ.

ಏನನ್ನು ನೆಡಬೇಕು? ಸಿಲ್ವರ್ ಮರ ಬೇಗ ನೇರವಾಗಿ ಬೆಳೆಯುತ್ತದೆ, ಮೆಣಸಿನ ಬಳ್ಳಿಗೂ ಆಗುತ್ತದೆ, ನಿಜ. ಆದರೆ ಕಾಫಿಗೆ ಬೇಕಾದ ತಂಪು ನೆರಳು, ನೆಲಕ್ಕೆ ಬೇಕಾದ ತರಗೆಲೆ, ಹಕ್ಕಿಗಳಿಗೆ ಬೇಕಾದ ಹಣ್ಣು ದೊರೆಯುವುದು ಅತ್ತಿ, ಬಸರಿ, ಗೋಣಿ, ಹಲಸು, ನಂದಿ, ಹೊನ್ನೆ ಮುಂತಾದ ನಾಡಮರಗಳಿಂದ. ಹಾಲುವಾಣದ ಗೂಟವನ್ನು ಮಳೆ ಹಿಡಿದೊಡನೆ ನೆಟ್ಟರೆ ಬೇಗ ಚಿಗುರುತ್ತದೆ. ಬೆಟ್ಟದಲ್ಲಿ ಮತ್ತಿ, ನೇರಳೆ, ವಾಟೆ ಇವುಗಳಿಗೆ ಸ್ಥಾನವಿರಲಿ. ನೆಟ್ಟ ಗಿಡಕ್ಕೆ ಬೇಲಿ ಕಟ್ಟಿ, ಮೊದಲ ಎರಡು ಬೇಸಿಗೆ ನೋಡಿಕೊಳ್ಳುವ ಮನೆ ಯಾವುದೆಂದು ಬರೆದಿಡಬೇಕು. ಇಲ್ಲವಾದರೆ ಪ್ರತಿ ವರ್ಷ ಅದೇ ಗುಂಡಿಯಲ್ಲಿ ವನಮಹೋತ್ಸವ ನಡೆದೀತು.

ಸೊಪ್ಪಿನ ಬೆಟ್ಟವಿಲ್ಲದೆ ಅಡಿಕೆ ತೋಟವಿಲ್ಲ. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲೂಕಿನ ಸಾಲ್ಕಣಿಯ ಜನ ಕಾಡಿಗೆ ಹೋಗಿ ಮರಗಳನ್ನು ಅಪ್ಪಿ ನಿಂತು ಕಡಿತವನ್ನು ತಡೆದರು. ಅಲ್ಲಿಂದ ಹಬ್ಬಿದ ಅಪ್ಪಿಕೋ ಚಳವಳಿ ಹುಟ್ಟಿದ್ದು ಅಡಿಕೆ ತೋಟಗಳ ಸೀಮೆಯಲ್ಲಿಯೇ. ಕಾಡು ಹೋದರೆ ತೋಟದ ಗೊಬ್ಬರವೂ ನೀರೂ ಹೋಗುತ್ತವೆ ಎಂಬುದು ಆ ಸೀಮೆಯವರಿಗೆ ಅನುಭವದಿಂದಲೇ ತಿಳಿದಿತ್ತು. ಬೆಟ್ಟದಲ್ಲಿ ಸೊಪ್ಪು ಕಡಿಯುವಾಗ ತುದಿಯ ಚಿಗುರನ್ನು ಬಿಟ್ಟು ಪಕ್ಕದ ರೆಂಬೆಗಳನ್ನು ಮಾತ್ರ ಕಡಿಯುವ ನಿಯಮವನ್ನು ಪ್ರತಿ ಊರೂ ತಾನೇ ಹಾಕಿಕೊಳ್ಳುವುದು ಲೇಸು.

ಮಳೆಗಾಲದ ನಡುವೆ: ಉದುರು ಕಾಯಿ ಆಯುವ ದಿನಗಳು

ಮೊದಲ ಸಿಂಪರಣೆಯಾದ 40ರಿಂದ 45 ದಿನಕ್ಕೆ ಎರಡನೆಯದು ಆಗಬೇಕು. ಅಂದರೆ ಪುನರ್ವಸು, ಪುಷ್ಯ ಮಳೆಗಳ ನಡುವೆ ಹೊಳವು ಸಿಕ್ಕಾಗ. ಮಳೆ ಮುಂದುವರಿದರೆ ಮೂರನೆಯದೂ ಬೇಕಾದೀತು. ಈ ಅವಧಿಯಲ್ಲಿ ವಾರಕ್ಕೊಮ್ಮೆ ಉದುರಿದ ರೋಗದ ಕಾಯಿಗಳನ್ನು ಆಯ್ದು ತೋಟದಿಂದ ಹೊರಗೆ ಸಾಗಿಸಿ ನಾಶಮಾಡತಕ್ಕದ್ದು. ಕಾಯಿಗಳನ್ನು ಹಳ್ಳಕ್ಕೆ ಎಸೆಯುವುದೆಂದರೆ ಕೆಳಗಿನ ತೋಟಕ್ಕೆ ರೋಗವನ್ನು ಕಳುಹಿಸಿಕೊಟ್ಟಂತೆ. ಬಸಿಗಾಲುವೆಯ ಹೂಳು ತೆಗೆಯುವುದನ್ನೂ ಮೇಲಿನವರು ಕೆಳಗಿನವರು ಒಂದೇ ದಿನ ಮಾಡಬೇಕು. ಕೆಳಗೆ ಕಟ್ಟಿಕೊಂಡಿದ್ದರೆ ಮೇಲೆ ಬಿಡಿಸಿ ಫಲವಿಲ್ಲ.

ಇತ್ತೀಚಿನ ವರ್ಷಗಳಲ್ಲಿ ಮಲೆನಾಡಿನ ಅಡಿಕೆ ತೋಟಗಳನ್ನು ಕಾಡುತ್ತಿರುವ ಎಲೆಚುಕ್ಕಿ ರೋಗಕ್ಕೂ ಇದೇ ಮಾತು ಸಲ್ಲುತ್ತದೆ. ರೋಗ ಹತ್ತಿದ ಸೋಗೆಗಳನ್ನು ತೆಗೆದು ಸುಡುವುದು ಒಂದು ತೋಟದಲ್ಲಿ ಮಾತ್ರ ಆದರೆ ಸಾಲದು.

ಕಾಫಿಯಲ್ಲಿಯೂ ಕೊಳೆರೋಗವಿದೆ. ಅಡಿಕೆಯ ಕೊಳೆಗೂ ಅದಕ್ಕೂ ಸಂಬಂಧವಿಲ್ಲ, ಶಿಲೀಂಧ್ರವೇ ಬೇರೆ. ಶಾಸ್ತ್ರಜ್ಞರು ಅದಕ್ಕೆ ಕೊಟ್ಟ ಹೆಸರಿನಲ್ಲಿಯೇ ‘ಕೊಳೆರೋಗ’ ಎಂಬ ನಮ್ಮ ಕನ್ನಡ ಮಾತು ಸೇರಿಕೊಂಡಿದೆ. ಮಳೆಗೆ ಮುಂಚೆ ನೆರಳು ತೆಳುಮಾಡಿ, ಗಿಡದ ನಡುವೆ ಗಾಳಿಯಾಡುವಂತೆ ಮಾಡಿ, ಕಪ್ಪಾಗಿ ಜೋತುಬಿದ್ದ ಎಲೆಗಳನ್ನು ತೆಗೆದು ಸುಡುವುದು ಅದಕ್ಕೆ ಪರಿಹಾರ.

ಸೆಪ್ಟೆಂಬರ್: ಕಾಂಡಕೊರಕ ಹುಡುಕುವ ವಾರ

ಅರೇಬಿಕಾ ಬೆಳೆಗಾರರಿಗೆ ಬಿಳಿ ಕಾಂಡಕೊರಕದ ಕಾಟ ಹೇಳಬೇಕಾಗಿಲ್ಲ. ದುಂಬಿಗಳು ಹೊರಬಂದು ಹಾರಾಡುವ ಕಾಲ ಎರಡು: ಏಪ್ರಿಲ್–ಮೇ ಹಾಗೂ ಅಕ್ಟೋಬರ್‌ನಿಂದ ಡಿಸೆಂಬರ್. ಅವು ಹೊರಬರುವ ಮುನ್ನವೇ, ಅಂದರೆ ಮಾರ್ಚ್ ಮತ್ತು ಸೆಪ್ಟೆಂಬರ್ ತಿಂಗಳುಗಳಲ್ಲಿ, ಎಲೆ ಹಳದಿಯಾಗಿ ಬಾಡಿದ, ಕಾಂಡದ ಮೇಲೆ ಏಣು ಎದ್ದ ಗಿಡಗಳನ್ನು ಗುರುತಿಸಿ ಬೇರು ಸಹಿತ ಕಿತ್ತು ಸುಡಬೇಕು. ಕಿತ್ತ ಗಿಡವನ್ನು ಸೌದೆಗೆಂದು ಕೊಟ್ಟಿಗೆಯ ಬಳಿ ಒಟ್ಟಿದರೆ ದುಂಬಿಯನ್ನು ಸಾಕಿದಂತೆಯೇ ಸರಿ. ಈ ದುಂಬಿಗೆ ಬಿಸಿಲು ಇಷ್ಟ. ನೆರಳು ಸರಿಯಾಗಿದ್ದ ತೋಟದಲ್ಲಿ ಅದರ ಉಪಟಳ ಕಡಿಮೆ. ಜುಲೈಯಲ್ಲಿ ನೆಡುವ ಮರಕ್ಕೂ ಈ ಕೆಲಸಕ್ಕೂ ಇರುವ ನಂಟು ಇದೇ.

ನವೆಂಬರ್: ಸಹಕಾರ ಸಪ್ತಾಹ

ನವೆಂಬರ್ 14ರಿಂದ 20ರವರೆಗೆ ಸಹಕಾರ ಸಪ್ತಾಹ. ಕಾಫಿ ಕೊಯ್ಲು ಪ್ರಾರಂಭವಾಗುವ ಹೊತ್ತೂ ಅದೇ ಆದ್ದರಿಂದ ಪಲ್ಪರ್ ನೀರಿನ ವಿಷಯವನ್ನು ಆಗಲೇ ಚರ್ಚಿಸುವುದು ಸೂಕ್ತ. ಹಣ್ಣಿನ ಸಿಪ್ಪೆ ಮತ್ತು ಲೋಳೆ ಬೆರೆತ ನೀರು ಹುಳಿಯುತ್ತದೆ; ಹಳ್ಳಕ್ಕೆ ಸೇರಿದರೆ ನೀರಿನಲ್ಲಿರುವ ಪ್ರಾಣವಾಯುವನ್ನು ಹೀರಿ ಮೀನುಗಳನ್ನು ಕೊಲ್ಲುತ್ತದೆ. ನಮ್ಮ ಹಳ್ಳಗಳೆಲ್ಲ ಕಡೆಗೆ ತುಂಗೆಯನ್ನೋ ಭದ್ರೆಯನ್ನೋ ಸೇರುವಂಥವು. ಒಮ್ಮೆ ಬಳಸಿದ ನೀರನ್ನೇ ಮತ್ತೆ ಪಲ್ಪರ್‌ಗೆ ಬಳಸಿ, ಉಳಿದದ್ದನ್ನು ಇಂಗದಂತೆ ಮಾಡಿದ ಗುಂಡಿಯಲ್ಲಿ ನಿಲ್ಲಿಸಿ, ಸುಣ್ಣ ಹಾಕಿ ಹುಳಿ ಮುರಿಯಬೇಕು. ಸಿಪ್ಪೆಯನ್ನು ಗೊಬ್ಬರದ ಗುಂಡಿಗೆ ಹಾಕಿದರೆ ಒಳ್ಳೆಯ ಗೊಬ್ಬರವಾಗುತ್ತದೆ.

ಸಪ್ತಾಹದಲ್ಲಿ ಒಂದು ದಿನ ತಜ್ಞರನ್ನು ಕರೆಸಿ ಪ್ರಶ್ನೋತ್ತರ ನಡೆಸಬಹುದು. ಕಾಫಿಗೆ 1925ರಲ್ಲಿ ಸ್ಥಾಪಿತವಾದ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ, ಅಡಿಕೆಗೆ ವಿಟ್ಲದ ಸಂಶೋಧನಾ ಕೇಂದ್ರ ನಮಗೆ ದೂರವಲ್ಲ. ಪ್ರಶ್ನೆಗಳನ್ನು ಮುಂಚಿತವಾಗಿ ಬರೆದುಕೊಂಡು ಬಂದರೆ ಕಾಲ ಉಳಿಯುತ್ತದೆ.

ಫೆಬ್ರವರಿ–ಮಾರ್ಚ್: ಕಾಯಿ ಉಳಿಯದ ತೋಟ

ಕಾಫಿಯ ಕಾಯಿಕೊರಕ ಭಾರತದಲ್ಲಿ ಮೊದಲು ಕಂಡುಬಂದದ್ದು 1990ರಲ್ಲಿ, ನೀಲಗಿರಿಯ ಗೂಡಲೂರಿನಲ್ಲಿ. ಕೊಯ್ಲು ಮುಗಿದ ಮೇಲೆ ಗಿಡದಲ್ಲಿ ಉಳಿದ ಮತ್ತು ನೆಲಕ್ಕೆ ಬಿದ್ದ ಕಾಯಿಗಳಲ್ಲಿಯೇ ಅದು ಮುಂದಿನ ಫಸಲಿನವರೆಗೆ ಬದುಕುತ್ತದೆ. ಒಂದು ಒಣಕಾಯಿಯಲ್ಲಿ ಹತ್ತಾರು ದುಂಬಿಗಳಿರಬಹುದು. ಕೊಯ್ಯುವಾಗ ಗಿಡದ ಬುಡಕ್ಕೆ ಚಾಪೆ ಅಥವಾ ತಾಡಪಾಲು ಹಾಸುವುದು, ಕೊಯ್ಲಾದ ಮೇಲೆ ಉದುರು ಕಾಯಿಯನ್ನು ಬಿಡದೆ ಆಯುವುದು, ಹುಳು ಬಿದ್ದ ಕಾಯಿಯನ್ನು ಕುದಿಯುವ ನೀರಿನಲ್ಲಿ ಎರಡು ಮೂರು ನಿಮಿಷ ಅದ್ದಿ ಒಣಗಿಸುವುದು: ಈ ಮೂರೂ ಖರ್ಚಿಲ್ಲದ ಉಪಾಯಗಳು. ಮಾಲೀಕರು ಪರಸ್ಥಳದಲ್ಲಿದ್ದು ಕೊಯ್ಯದೆ ಬಿಟ್ಟ ತೋಟಗಳಿದ್ದರೆ ಅವರ ಒಪ್ಪಿಗೆ ಪಡೆದು ಊರಿನವರೇ ಒಂದು ದಿನ ಸೇರಿ ಆಯ್ದು ಮುಗಿಸಬೇಕು.

ಮಾರ್ಚ್–ಏಪ್ರಿಲ್: ಕೆರೆ ಮತ್ತು ಗುಂಡಿ

ಒಂದೆಕರೆಯ ಮೇಲೆ ಹತ್ತು ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 40,000 ಲೀಟರ್ ನೀರಾಯಿತು. ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಒಂದಡಿ ಆಳದ ಒಂದು ತೊಟ್ಟಿಲು ಗುಂಡಿ ಒಮ್ಮೆ ತುಂಬಿದರೆ ಸುಮಾರು 170 ಲೀಟರ್ ಹಿಡಿಯುತ್ತದೆ. ಕಾಫಿ ಸಾಲುಗಳ ನಡುವೆ ಇಂಥ ನೂರು ಗುಂಡಿಗಳಿದ್ದರೆ 17,000 ಲೀಟರ್. ಅದೂ ಮಳೆ ಬಂದಂತೆಲ್ಲ ಮತ್ತೆ ಮತ್ತೆ. ಕೊಚ್ಚಿಹೋಗಬೇಕಾದ ಮೇಲ್ಮಣ್ಣೂ ಅಲ್ಲಿಯೇ ನಿಲ್ಲುತ್ತದೆ. ಆದರೆ ತೀರ ಕಡಿದಾದ ಇಳಿಜಾರಿನಲ್ಲಿ ಗುಂಡಿ ತೋಡುವ, ಬುಲ್ಡೋಜರ್ ಓಡಿಸುವ ಸಾಹಸ ಬೇಡ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜರಿದದ್ದನ್ನು ಎಲ್ಲರೂ ಕಂಡಿದ್ದೇವೆ. ಅಂಥ ಕಡೆ ಮರ ಮತ್ತು ಹುಲ್ಲಿನ ಹೊದಿಕೆಯೇ ಕ್ಷೇಮ.

ಕೆರೆಯ ಹೂಳೆತ್ತುವುದಕ್ಕೆ ಗ್ರಾಮ ಪಂಚಾಯಿತಿಯ ಅನುಮತಿ ಮೊದಲೇ ಪಡೆಯಿರಿ. ಎತ್ತಿದ ಗೋಡು ತೋಟಕ್ಕೆ ಹೊಸ ಮಣ್ಣಾಗುತ್ತದೆ. ಮನೆಗೆ ಇಷ್ಟು ಗಾಡಿಯೆಂದು ಮೊದಲೇ ಹಂಚಿಕೊಂಡರೆ ಮನಸ್ತಾಪಕ್ಕೆ ಎಡೆಯಿಲ್ಲ.

ಈಗ ಮಾಡಬೇಕಾದದ್ದು

ಪ್ರತಿ ಊರಿನ ಸದಸ್ಯರು ಮೇ ತಿಂಗಳಿನೊಳಗೆ ಒಂದು ಸಂಜೆ ಸೇರಿ ನಾಲ್ಕು ವಿಷಯಗಳನ್ನು ಗೊತ್ತುಮಾಡಿಕೊಳ್ಳಬೇಕು: ಸಿಂಪರಣೆಯ ವಾರ ಯಾವುದು, ಯಾರ ತೋಟದಿಂದ ಪ್ರಾರಂಭ, ಮೈಲುತುತ್ತ, ಸುಣ್ಣ ಒಟ್ಟು ಎಷ್ಟು ಬೇಕು, ಆಳಿಲ್ಲದ ಮನೆಗಳಿಗೆ ಮುಯ್ಯಿ ಹೋಗುವವರು ಯಾರು. ವಿಧವೆಯರು, ವಯಸ್ಸಾದವರು ಮಾತ್ರ ಇರುವ ಮನೆಗಳನ್ನು ಪಟ್ಟಿಯಲ್ಲಿ ಮೊದಲೇ ಬರೆಯಿರಿ. ಮದ್ದು ತಪ್ಪುವುದು ಬಹುಮಟ್ಟಿಗೆ ಅಂಥ ತೋಟಗಳಲ್ಲಿ, ಅದೂ ಅಸಡ್ಡೆಯಿಂದಲ್ಲ, ಕೈಲಾಗದೆ. ಸಭೆಗೆ ಹೆಂಗಸರು ತಪ್ಪದೆ ಬರಲಿ. ಕಾಯಿ ಆಯುವ, ಸುಲಿಯುವ, ಒಣಗಿಸುವ ಕೆಲಸದ ಮರ್ಮ ಬಲ್ಲವರು ಅವರೇ.

ಗೊತ್ತಾದ ದಿನಗಳನ್ನು ಸಂಘದ ಕಚೇರಿಗೆ ಬರೆದು ತಿಳಿಸಿದರೆ ಅಕ್ಕಪಕ್ಕದ ಊರುಗಳ ಸರದಿಯನ್ನು ಹೊಂದಿಸಲು ಸುಲಭವಾಗುತ್ತದೆ. ಬೆಲೆ ಏರುವುದು ಇಳಿಯುವುದು ನಮ್ಮ ಕೈಯಲ್ಲಿಲ್ಲ. ಬೆಳೆದ ಫಸಲು ಅಂಗಳ ಸೇರುವಂತೆ ನೋಡಿಕೊಳ್ಳುವುದು ಬಹುಪಾಲು ನಮ್ಮ ಮತ್ತು ನಮ್ಮ ನೆರೆಯವರ ಕೈಯಲ್ಲಿಯೇ ಇದೆ. ಆದಕಾರಣ ಎಲ್ಲ ಸದಸ್ಯರೂ ಮಳೆಗೆ ಮುಂಚೆಯೇ ಸಭೆ ಸೇರಿ ಸಹಕರಿಸಬೇಕಾಗಿ ವಿನಂತಿ.