ಹೆಚ್ಚು ಸುರಿದರೆ ಸುಮ್ಮನಾಗುವ ವಿಷ

ಮೊಲದ ಎಳೆಯ ಕೆಂಪು ರಕ್ತಕಣಗಳನ್ನು ಒಡೆದು ತೆಗೆದ ರಸ ಅದು. ಜೀವಕೋಶ ಒಡೆದುಹೋಗಿದ್ದರೂ ನಳಿಕೆಯೊಳಗೆ ಹಿಮೊಗ್ಲೋಬಿನ್ ತಯಾರಾಗುತ್ತಲೇ ಇತ್ತು. ಹಿಮೊಗ್ಲೋಬಿನ್ನಿನ ಕಬ್ಬಿಣದ ಭಾಗವಾದ ಹೀಮ್ ಕೊರತೆಯಾದರೆ ಮಾತ್ರ ಕೆಲವು ನಿಮಿಷ ಚೆನ್ನಾಗಿ ನಡೆದ ಕೆಲಸ ಥಟ್ಟನೆ ನಿಂತುಬಿಡುತ್ತಿತ್ತು. 1960ರ ದಶಕದ ಕೊನೆಯಲ್ಲಿ, ನ್ಯೂಯಾರ್ಕಿನ ಆಲ್ಬರ್ಟ್ ಐನ್‌ಸ್ಟೀನ್ ವೈದ್ಯಕೀಯ ಕಾಲೇಜಿನಲ್ಲಿ, ಇಂಗ್ಲೆಂಡಿನ ತರುಣ ಟಿಮ್ ಹಂಟ್ ಈ ಒಗಟಿನ ಬೆನ್ನು ಹತ್ತಿದ್ದರು.

ಅಲ್ಲೇ ಎಲೀ ಎರೆನ್‌ಫೆಲ್ಡ್ ಪೋಲಿಯೊ ವೈರಸ್ಸಿನೊಂದಿಗೆ ಹೆಣಗುತ್ತಿದ್ದರು. ವೈರಸ್ ಹೊಕ್ಕ ಜೀವಕೋಶ ತನ್ನ ಪ್ರೋಟೀನ್ ತಯಾರಿಕೆಯನ್ನು ನಿಲ್ಲಿಸುತ್ತದೆ. ಕತ್ತು ಹಿಸುಕುವವರು ಯಾರು? ಇಬ್ಬರೂ ಸೇರಿ ಸೋಂಕು ತಗುಲಿದ ಹೀಲಾ ಎಂಬ ಮಾನವ ಕೋಶಗಳ ರಸವನ್ನು ಮೊಲದ ರಸಕ್ಕೆ ಬೆರೆಸಿದರು. ಹಿಮೊಗ್ಲೋಬಿನ್ ತಯಾರಿಕೆ ನಿಂತಿತು. ಜಾಡು ಹಿಡಿದು ಹೋದಾಗ ಸಿಕ್ಕಿಬಿದ್ದದ್ದು ವೈರಸ್ ತನ್ನ ನಕಲು ಮಾಡಿಕೊಳ್ಳುವಾಗ ಹುಟ್ಟುವ ಜೋಡಿ ಎಳೆಯ ಆರ್‌ಎನ್‌ಎ. ಮಿಲಿಲೀಟರಿಗೆ ಕೆಲವೇ ನ್ಯಾನೋಗ್ರಾಂ, ಅಂದರೆ ಗ್ರಾಂನ ಶತಕೋಟಿಯ ಕೆಲವು ಪಾಲು, ಸಾಕಾಗಿತ್ತು! 1971ರಲ್ಲಿ ಫಲಿತಾಂಶ ಅಚ್ಚಾಯಿತು.

ಆದರೆ ವಿಷ ಹೆಚ್ಚಾದರೆ ಏಟೂ ಹೆಚ್ಚಬೇಕಲ್ಲ? ಇಲ್ಲಿ ತಿರುಗುಮುರುಗಾಗಿತ್ತು. ಸಾವಿರಾರು ಪಟ್ಟು ಆರ್‌ಎನ್‌ಎ ಸುರಿದರೆ ತಯಾರಿಕೆ ಏನೂ ಆಗದಂತೆ ಸಾಗುತ್ತಿತ್ತು. ಕೈತಪ್ಪು ಎಂದು ಬದಿಗೆ ಸರಿಸಲು ಇದಕ್ಕಿಂತ ಒಳ್ಳೆಯ ನೆಪ ಬೇಕಿರಲಿಲ್ಲ. ಹಂಟ್ ಬಿಡಲಿಲ್ಲ. ಕೇಂಬ್ರಿಜ್‌ಗೆ ಮರಳಿ ರಿಚರ್ಡ್ ಜ್ಯಾಕ್ಸನ್ ಮೊದಲಾದವರ ಜೊತೆ ಅದನ್ನೇ ಕೆದಕಿದರು. ಈ ಹಟವೇ ನನಗೆ ಈ ಕತೆಯ ಜೀವಾಳವೆನ್ನಿಸುತ್ತದೆ.

ಅಷ್ಟರಲ್ಲಿ, 1974ರಲ್ಲಿ, ಲಂಡನ್ನಿನ ಇಯಾನ್ ಕರ್ ತಂಡದಿಂದ ಹೊಸ ಸುಳಿವು ಬಂತು. ಇಂಟರ್‌ಫೆರಾನ್ ಉಣಿಸಿದ ಕೋಶಗಳ ರಸ ಜೋಡಿ ಎಳೆಯ ಆರ್‌ಎನ್‌ಎಗೆ ಇನ್ನೂ ಬೇಗ ಮಣಿಯುತ್ತಿತ್ತು. ಇಂಟರ್‌ಫೆರಾನ್ ವೈರಸ್ಸಿನದಲ್ಲ, ದೇಹದ್ದೇ ಅಪಾಯದ ಗಂಟೆ. ಹಾಗಾದರೆ ತಯಾರಿಕೆಗೆ ಬೀಗ ಹಾಕುತ್ತಿದ್ದದ್ದು ಶತ್ರುವಲ್ಲ, ಮನೆಯವರೇ!

1977ರಲ್ಲಿ ಬೀಗವೂ ಸಿಕ್ಕಿತು. ಪ್ರೋಟೀನ್ ತಯಾರಿಕೆಗೆ ಚಾಲನೆ ಕೊಡುವ ಇಐಎಫ್2 ಎಂಬ ಅಂಶಕ್ಕೆ ಫಾಸ್ಫೇಟ್ ಅಂಟಿದರೆ ಕೆಲಸ ನಿಲ್ಲುತ್ತಿತ್ತು. ಹೀಮ್ ಕೊರತೆಗೆ ಒಂದು ಕಿಣ್ವ, ವೈರಸ್ ಆರ್‌ಎನ್‌ಎಗೆ ಇನ್ನೊಂದು. ಇಬ್ಬರು ಕಾವಲುಗಾರರು ತಿರುಗಿಸುತ್ತಿದ್ದದ್ದು ಒಂದೇ ಕೀಲಿ. ಎರಡನೆಯದಕ್ಕೆ ಮುಂದೆ ಪಿಕೆಆರ್ ಎಂದು ಹೆಸರಾಯಿತು.

ಸುರಿದಷ್ಟೂ ಸುಮ್ಮನಾಗುವ ಆ ಒಗಟೂ ಬಿಡಿಸಿಕೊಂಡಿತು. ಎರಡು ಪಿಕೆಆರ್ ಅಣುಗಳು ಒಂದೇ ಆರ್‌ಎನ್‌ಎ ಮೇಲೆ ಅಕ್ಕಪಕ್ಕ ಕುಳಿತಾಗಲೇ ಒಂದನ್ನೊಂದು ಎಬ್ಬಿಸುತ್ತವೆ. ಆರ್‌ಎನ್‌ಎ ಮಿತಿಮೀರಿದಾಗ ಪ್ರತಿ ಅಣುವೂ ತನ್ನದೇ ಎಳೆ ಹಿಡಿದು ಒಂಟಿಯಾಗಿ ಕುಳಿತಿರುತ್ತಿತ್ತು.