ಜಾಲತಾಣಕ್ಕೆ ಬಂದವರ ವಿಳಾಸ

ಅಂಚೆಯಲ್ಲಿ ಕಾಗದ ಬರೆಯುವವನು ತನ್ನ ವಿಳಾಸವನ್ನು ನಮೂದಿಸದಿದ್ದರೂ ಕಾಗದವು ಸೇರಬೇಕಾದಲ್ಲಿಗೆ ಸೇರುತ್ತದೆ. ಉತ್ತರ ಮಾತ್ರ ಬಾರದು. ಜಾಲತಾಣದ ಪುಟವೊಂದನ್ನು ಬಯಸುವಾಗ ನಮಗೆ ಬೇಕಾದುದು ಉತ್ತರವೇ. ಆದುದರಿಂದ ನಾವು ಕಳುಹಿಸುವ ಪ್ರತಿಯೊಂದು ಮಾಹಿತಿ ಪೊಟ್ಟಣದ ಮೇಲೂ ಉತ್ತರ ಬರಬೇಕಾದ ವಿಳಾಸವಿರಲೇಬೇಕು. ಇದೇ ಐಪಿ ವಿಳಾಸ. ೧೯೮೧ರಲ್ಲಿ ಗೊತ್ತುಪಡಿಸಿದ ನಾಲ್ಕನೆಯ ಆವೃತ್ತಿಯಂತೆ ಇದು ೩೨ ದ್ವಿಮಾನ ಅಂಕೆಗಳ ಒಂದು ಸಂಖ್ಯೆ. ನಾಲ್ಕು ಭಾಗಗಳಾಗಿ ಒಡೆದು ೨೦೩.೦.೧೧೩.೭ ಎಂಬಂತೆ ಬರೆಯುವುದು ವಾಡಿಕೆ.

ಇಲ್ಲಿ ಸುಳ್ಳು ವಿಳಾಸವನ್ನು ಬರೆಯಬಾರದೇಕೆಂದು ವಾಚಕರು ಕೇಳಬಹುದು. ಬರೆಯಬಹುದು, ಆದರೆ ಫಲವಿಲ್ಲ. ಪುಟವನ್ನು ಕೊಡುವ ಮೊದಲು ಸರ್ವರು ಆ ವಿಳಾಸಕ್ಕೆ ಊಹಿಸಲು ಕಷ್ಟವಾದ ಸಂಖ್ಯೆಯೊಂದನ್ನು ಕಳುಹಿಸಿ, ಅದು ತಲುಪಿತೆಂಬುದಕ್ಕೆ ಪ್ರತ್ಯುತ್ತರವನ್ನು ನಿರೀಕ್ಷಿಸುತ್ತದೆ. ವಿಳಾಸವು ಸುಳ್ಳಾದರೆ ಸಂಖ್ಯೆಯು ಬೇರೆಲ್ಲಿಗೋ ಹೋಗುವುದು, ಸಂಪರ್ಕವೇ ಏರ್ಪಡದು. ಹೀಗೆ ಪರೀಕ್ಷೆಗೊಳಗಾದ ವಿಳಾಸವನ್ನೇ ಸರ್ವರು ಜಾಲತಾಣದ ಕ್ರಮವಿಧಿಗೆ ಒಪ್ಪಿಸುತ್ತದೆ.

ಆದರೆ ದೊಡ್ಡ ಜಾಲತಾಣಗಳ ಮುಂದೆ ಸಾಮಾನ್ಯವಾಗಿ ಪ್ರಾಕ್ಸಿ ಎಂಬ ಮಧ್ಯವರ್ತಿ ಯಂತ್ರವಿರುತ್ತದೆ. ಆಗ ಸರ್ವರಿಗೆ ಕಾಣುವುದು ಪ್ರಾಕ್ಸಿಯ ವಿಳಾಸ ಮಾತ್ರ. ಬಂದವರೆಲ್ಲರೂ ಒಬ್ಬನೇ ಎಂಬಂತೆ ತೋರುತ್ತಾರೆ. ಈ ಕೊರತೆಯನ್ನು ನೀಗಲು ಪ್ರಾಕ್ಸಿಯು ತಾನು ಕಂಡ ವಿಳಾಸವನ್ನು ಎಕ್ಸ್-ಫಾರ್ವರ್ಡೆಡ್-ಫಾರ್ ಎಂಬ ಸಾಲಿನ ಕೊನೆಗೆ ಸೇರಿಸಿ ಮುಂದಕ್ಕೆ ಕಳುಹಿಸುವುದು ರೂಢಿ.

ಎಚ್ಚರಿಕೆ ಬೇಕಾದುದು ಇಲ್ಲಿಯೇ. ಈ ಸಾಲು ಕೇವಲ ಬರಹ. ಬಂದವನು ಮೊದಲೇ ಅದರಲ್ಲಿ ಸುಳ್ಳು ವಿಳಾಸವನ್ನು ಬರೆದಿರಬಹುದು. ಒಂದು ವಿಳಾಸದಿಂದ ಐದು ಬಾರಿ ತಪ್ಪು ಗುಪ್ತಪದ ಬಂದರೆ ತಡೆಯುವ ಜಾಲತಾಣವೊಂದನ್ನು ಊಹಿಸಿಕೊಳ್ಳೋಣ. ಅದು ಸಾಲಿನ ಮೊದಲ ವಿಳಾಸವನ್ನು ನಂಬಿದರೆ, ಕಳ್ಳನು ಪ್ರತಿ ಬಾರಿಯೂ ಹೊಸ ವಿಳಾಸವನ್ನು ಬರೆದು ಎಷ್ಟು ಸಲವಾದರೂ ಪ್ರಯತ್ನಿಸಬಲ್ಲನು. ನಮ್ಮದೇ ಪ್ರಾಕ್ಸಿ ಒಂದಿದ್ದು, ಎಲ್ಲರೂ ಅದರ ಮೂಲಕವೇ ಬರುವಂತಿದ್ದರೆ, ಅದು ಬರೆದ ಕೊನೆಯ ವಿಳಾಸವೊಂದೇ ನಂಬಲರ್ಹ.

ನಂಬಲರ್ಹವಾದ ವಿಳಾಸವೂ ವ್ಯಕ್ತಿಯ ಗುರುತಲ್ಲ. ೩೨ ಅಂಕೆಗಳಿಂದ ದೊರೆಯುವುದು ಸುಮಾರು ೪೨೯ ಕೋಟಿ ವಿಳಾಸಗಳು. ಜಗತ್ತಿನ ಜನಸಂಖ್ಯೆಗಿಂತ ಕಡಮೆ. ಹಂಚಲು ಉಳಿದಿದ್ದ ಕೇಂದ್ರ ಸಂಗ್ರಹವು ೨೦೧೧ರ ಫೆಬ್ರವರಿಯಲ್ಲಿ ಮುಗಿಯಿತು. ೧೨೮ ಅಂಕೆಗಳ ಆರನೆಯ ಆವೃತ್ತಿಯು ಬಳಕೆಯಲ್ಲಿದ್ದರೂ, ಇಂದಿಗೂ ಅನೇಕರು ಒಂದೇ ವಿಳಾಸವನ್ನು ಹಂಚಿಕೊಳ್ಳುವುದುಂಟು. ವಿದ್ಯಾರ್ಥಿನಿಲಯವೊಂದರ ನೂರು ಮಂದಿ ಒಂದೇ ವಿಳಾಸದಿಂದ ಹೊರಬರಬಹುದು. ಅವರಲ್ಲೊಬ್ಬನ ತಪ್ಪಿಗಾಗಿ ಆ ವಿಳಾಸವನ್ನು ತಡೆದರೆ ಉಳಿದ ತೊಂಬತ್ತೊಂಬತ್ತು ಮಂದಿಗೂ ಬಾಗಿಲು ಮುಚ್ಚಿದಂತೆಯೇ ಸರಿ. ಸಂಪರ್ಕವು ಎಲ್ಲಿಂದ ಬಂದಿತೆಂಬುದನ್ನು ವಿಳಾಸವು ಹೇಳುವುದೇ ಹೊರತು, ಬಂದವರು ಯಾರೆಂಬುದನ್ನಲ್ಲ.