ಬಾಗುವ ಕೋಲಿಗೇ ಮೀನು ನಿಲ್ಲುತ್ತದೆ

ರಾಯಚೂರು ಎಂದರೆ ಬರೀ ಬಿಸಿಲು ಎನ್ನುವವರು ಅದರ ನಕ್ಷೆಯನ್ನು ಒಮ್ಮೆ ಬಿಡಿಸಿ ನೋಡಬೇಕು. ಬಡಗಲಲ್ಲಿ ಕೃಷ್ಣೆ, ತೆಂಕಲಲ್ಲಿ ತುಂಗಭದ್ರೆ. ಈ ಎರಡು ಹೊಳೆಗಳ ನಡುವಿನ ನೆಲಕ್ಕಾಗಿಯೇ ವಿಜಯನಗರದವರೂ ಬಹಮನಿ, ಬಿಜಾಪುರದ ಸುಲ್ತಾನರೂ ತಲೆಮಾರುಗಟ್ಟಲೆ ಕಾದಾಡಿದರು. ಇಂದು ದೇವದುರ್ಗದ ಹೊಲಗಳಿಗೆ ನಾರಾಯಣಪುರ ಬಲದಂಡೆ ಕಾಲುವೆಯೂ ಮಾನ್ವಿಯ ಭತ್ತದ ಗದ್ದೆಗಳಿಗೆ ತುಂಗಭದ್ರಾ ಎಡದಂಡೆ ಕಾಲುವೆಯೂ ನೀರು ತರುತ್ತವೆ. ನೀರಿದ್ದಲ್ಲಿ ಮೀನು, ಮೀನಿದ್ದಲ್ಲಿ ಗಾಳ. ಬಿದಿರಿನ ಕೋಲು, ತಂಗೂಸು, ಎರೆಹುಳು ಇಷ್ಟರಲ್ಲೇ ಮುಗಿಯುತ್ತಿದ್ದ ಹವ್ಯಾಸಕ್ಕೆ ಈಗ ಮೊಬೈಲಿನಲ್ಲಿ ತರಿಸಿಕೊಳ್ಳುವ ರಾಡು, ರೀಲು, ಬಣ್ಣ ಬಳಿದ ಹುಸಿಮೀನುಗಳು ಬಂದು ಸೇರಿವೆ. ತೊಡಕಿರುವುದು ಇಲ್ಲೇ. ಆ ಸಾಮಾನಿನ ಹೆಚ್ಚಿನ ಪಾಲು ತಯಾರಾಗುವುದು ಬಾಸ್ ಎಂಬ ಉತ್ತರ ಅಮೆರಿಕದ ಮೀನನ್ನು ಕಣ್ಣಮುಂದಿಟ್ಟುಕೊಂಡು. ಆ ಮೀನು ಕೃಷ್ಣೆಯಲ್ಲೂ ಇಲ್ಲ, ತುಂಗಭದ್ರೆಯಲ್ಲೂ ಇಲ್ಲ. ಹಾಗಾಗಿ ಡಬ್ಬಿಯ ಮೇಲಿನ ಚಿತ್ರ ನೋಡಿ, ಬೆಲೆ ನೋಡಿ, ಗಟ್ಟಿತನ ನೋಡಿ ರಾಡು ಕೊಳ್ಳುವವರು ಸಾಮಾನ್ಯವಾಗಿ ತಪ್ಪು ರಾಡನ್ನೇ ಕೊಳ್ಳುತ್ತಾರೆ. ನೋಡಬೇಕಾದದ್ದು ರಾಡು ಎಲ್ಲಿಂದ ಬಾಗುತ್ತದೆ ಎಂಬುದನ್ನು. ಕ್ರಾಂಕ್‌ಬೇಟ್ ಎಂಬ ಹುಸಿಮೀನನ್ನು ಎಸೆದು ಎಳೆಯುವವರಿಗಂತೂ ನಡುವಿನತನಕ ನಿಧಾನವಾಗಿ ಬಾಗುವ ರಾಡೇ ಸರಿ.

ಕ್ರಾಂಕ್‌ಬೇಟ್ ಎಂದರೆ ಮರದ್ದೋ ಪ್ಲಾಸ್ಟಿಕ್‌ನದೋ ಒಂದು ಗುಂಡನೆಯ ಪುಟ್ಟ ಮೀನು. ಬಾಯಿಯ ಕೆಳಗೆ ನಾಲಿಗೆಯಂತೆ ಚಾಚಿಕೊಂಡ ಒಂದು ತಗಡು, ಹೊಟ್ಟೆಗೊಂದು ಬಾಲಕ್ಕೊಂದು ಮೂರು ಮುಳ್ಳಿನ ಗಾಳ. ಸುಮ್ಮನೆ ಬಿಟ್ಟರೆ ಹೆಚ್ಚಿನವು ತೇಲುತ್ತವೆ. ರೀಲು ಸುತ್ತತೊಡಗಿದರೆ ನೀರು ಆ ತಗಡಿಗೆ ಬಡಿದು ಮೂತಿಯನ್ನು ಕೆಳಕ್ಕೆ ಒತ್ತುತ್ತದೆ, ಮೈ ಎಡಬಲಕ್ಕೆ ಅಲುಗುತ್ತದೆ, ಹುಸಿಮೀನು ಮುಳುಗುತ್ತ ಬರುತ್ತದೆ. ತಗಡು ಉದ್ದವಾಗಿ ಮುಂದಕ್ಕೆ ಚಾಚಿದ್ದರೆ ಆಳಕ್ಕೆ ಇಳಿಯುತ್ತದೆ, ಮೋಟಾಗಿ ಕೆಳಕ್ಕೆ ಬಗ್ಗಿದ್ದರೆ ಮೇಲುಮೇಲೇ ಓಡುತ್ತದೆ. ತಳದ ಕಲ್ಲಿಗೆ ಮೊದಲು ತಗಲುವುದು ಆ ತಗಡೇ ಆದ್ದರಿಂದ ಗಾಳಗಳು ಸಿಕ್ಕಿಕೊಳ್ಳುವುದು ಕಡಿಮೆ. ಕಲ್ಲಿಗೆ ತಾಗಿ ಪಕ್ಕಕ್ಕೆ ಜಿಗಿದ ಗಳಿಗೆಯಲ್ಲೇ ಮೀನು ಹೊಡೆಯುವುದು ಹೆಚ್ಚು. ಹುಸಿಮೀನು ಎಳೆಯುವುದು ನಮ್ಮ ನಾಡಿಗೆ ತೀರ ಹೊಸದೇನಲ್ಲ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್ 'ದಿ ರಾಡ್ ಇನ್ ಇಂಡಿಯಾ' ಪುಸ್ತಕವನ್ನು 1873ರಲ್ಲೇ ಮಂಗಳೂರಿನಲ್ಲಿ ಪ್ರಕಟಿಸಿದ್ದ. ಫಿನ್‌ಲೆಂಡಿನ ಲೌರಿ ರಾಪಾಲಾ ಬೆಂಡು ಕೆತ್ತಿ ತನ್ನ ಮೊದಲ ತೇಲುವ ಹುಸಿಮೀನನ್ನು ಮಾಡಿದ್ದು 1936ರಲ್ಲಿ. ಅಂಥವುಗಳ ವಂಶದಲ್ಲೇ ಇಂದಿನ ಕ್ರಾಂಕ್‌ಬೇಟುಗಳೂ ಬರುತ್ತವೆ.

ರಾಡಿನ ಮಾತಿಗೆ ಮುಂಚೆ ಮೀನಿನ ಮಾತು. ಸಂತೆಯಲ್ಲಿ ಹೆಚ್ಚು ಸಿಗುವ ರೋಹು, ಕಾಟ್ಲಾಗಳು ಕ್ರಾಂಕ್‌ಬೇಟಿನ ಹಿಂದೆ ಬೀಳುವ ಜಾತಿಯವಲ್ಲ. ನೀರಿನ ಸೂಕ್ಷ್ಮಜೀವಿಗಳನ್ನೂ ಪಾಚಿ, ಕೊಳೆತ ಸೊಪ್ಪನ್ನೂ ತಿಂದು ಬದುಕುವ ಅವಕ್ಕೆ ಹಿಟ್ಟಿನ ಉಂಡೆಯೇ ಸರಿ. ಹುಸಿಮೀನಿಗೆ ಬರುವುದು ಬೇಟೆಯಾಡುವ ಮೀನು. ನಮ್ಮ ನೀರಿನಲ್ಲಿ ಅವುಗಳ ಪೈಕಿ ಮುಖ್ಯವಾದವು ಎರಡು: ಮರಲ್ ಎಂದೂ ಕರೆಯುವ ಕೊರವ, ಮತ್ತು ಅಗಲ ಬಾಯಿಯ, ಮೀಸೆಯ ಬಾಳೆಮೀನು. ಕೊರವ ಆಗಾಗ ಮೇಲೆ ಬಂದು ಗಾಳಿ ಕುಡಿದು ಹೋಗುವ ಮೀನು. ಕೆರೆಯಂಚಿನ ಜೊಂಡು, ಕಾಲುವೆಯ ನಿಂತ ನೀರು ಅದರ ಮನೆ. ಬಾಳೆಮೀನು ಹೊಳೆಯ ಮಡುಗಳಲ್ಲಿ ಹೊಂಚು ಹಾಕುತ್ತದೆ, ಬೆಳೆದರೆ ಒಂದು ಮೀಟರಿಗೂ ಮೀರುತ್ತದೆ. ಹಾಗಾದರೆ ಕ್ರಾಂಕ್‌ಬೇಟಿಗೆ ತಕ್ಕ ಜಾಗ ಯಾವುದು? ಜೊಂಡು ತುಂಬಿದ ಕೆರೆಯಲ್ಲಂತೂ ಅಲ್ಲ; ಅಲ್ಲಿ ಆರು ಮುಳ್ಳಿಗೂ ಸೊಪ್ಪೇ ಸಿಗುತ್ತದೆ. ತಿಂಥಣಿ ಸೇತುವೆಯ ಆಸುಪಾಸಿನ ಕೃಷ್ಣೆಯಂಥ ಬಂಡೆಗಲ್ಲಿನ ಹರಿವು, ರಾಜೋಳಿಬಂಡಾ ಕಡೆಯ ತುಂಗಭದ್ರೆಯಂಥ ಕಲ್ಲುತಳದ ನೀರು, ಕಲ್ಲು ಹೊದಿಸಿದ ಕೆರೆ ಏರಿಯ ಬುಡ, ಇಂಥ ತೆರೆದ ನೀರೇ ಅದರ ಅಖಾಡ. ಮಳೆಗಾಲದ ಕೆಂಪು ನೀರಿನಲ್ಲಿ ಮೀನಿಗೆ ಕಣ್ಣು ಅಷ್ಟಾಗಿ ಸಾಗದು. ಆಗ ಅದು ಮೈಯುದ್ದಕ್ಕೂ ಇರುವ ಪಾರ್ಶ್ವರೇಖೆಯಿಂದ ನೀರಿನ ಅದುರನ್ನು ಅರಿಯುತ್ತದೆ. ಮೈ ಅಲುಗಿಸುತ್ತ ಬರುವ ಕ್ರಾಂಕ್‌ಬೇಟು ಅಂಥ ನೀರಿನಲ್ಲೂ ಕೆಲಸ ಮಾಡುವುದು ಇದರಿಂದಲೇ.

ಈಗ ರಾಡು. ಅಂಗಡಿಯ ಚೀಟಿಯಲ್ಲಿ ಪವರ್, ಆ್ಯಕ್ಷನ್ ಎಂಬ ಎರಡು ಗುಣಗಳಿರುತ್ತವೆ. ಕೊಳ್ಳುವವರು ಇವೆರಡನ್ನೂ ಒಂದೇ ಎಂದುಕೊಳ್ಳುತ್ತಾರೆ. ಪವರ್ ಎಂದರೆ ರಾಡನ್ನು ಬಗ್ಗಿಸಲು ಎಷ್ಟು ಭಾರ ಬೇಕು ಎಂಬುದು; ಆ್ಯಕ್ಷನ್ ಎಂದರೆ ಅದು ಎಲ್ಲಿಂದ ಬಾಗುತ್ತದೆ ಎಂಬುದು. ತುದಿ ಮಾತ್ರ ಬಾಗಿದರೆ ಫಾಸ್ಟ್, ನಡುವಿನತನಕ ಬಾಗಿದರೆ ಮಾಡರೇಟ್. ಕ್ರಾಂಕ್‌ಬೇಟಿನ ಮೂರು ಮುಳ್ಳಿನ ಗಾಳಗಳು ಸಣ್ಣವು, ತೆಳುವಾದವು. ಚೂಪಾಗಿರುವುದರಿಂದ ಬೇಗ ನಾಟುತ್ತವೆ, ಆದರೆ ಆಳಕ್ಕೆ ಹೋಗುವುದಿಲ್ಲ. ತುಟಿಯಂಚಿಗೋ ಚರ್ಮಕ್ಕೋ ತಗುಲಿಕೊಂಡಿರುತ್ತವೆ. ರೀಲು ಸುತ್ತುತ್ತಿರುವಾಗ ದಾರ ಬಿಗಿಯಾಗಿಯೇ ಇರುತ್ತದೆ. ಆ ಹೊತ್ತಿಗೆ ಮೀನು ಹೊಡೆದರೆ ಗಡುಸು ರಾಡು ಹುಸಿಮೀನನ್ನು ಅದರ ಬಾಯಿಂದ ಕಿತ್ತುಕೊಂಡುಬಿಡುತ್ತದೆ. ಮೆತ್ತನೆಯ ರಾಡು ಒಂದು ಕ್ಷಣ ಬಗ್ಗಿ ಕೊಡುತ್ತದೆ, ಅಷ್ಟರಲ್ಲಿ ಬಾಯಿ ಮುಚ್ಚಿರುತ್ತದೆ. ಮುಂದೆ ಮೀನು ತಲೆ ಕೊಡವಿದಾಗ, ನೀರಿನಿಂದ ಮೇಲಕ್ಕೆ ಹಾರಿದಾಗ ಗಡುಸು ರಾಡಿನಲ್ಲಿ ದಾರ ಒಮ್ಮೆ ಬಿಗಿಯಾಗುತ್ತದೆ, ಒಮ್ಮೆ ಸಡಿಲವಾಗುತ್ತದೆ. ಗಾಳ ಕೂತ ತೂತು ಹಿಗ್ಗಿ ಮೀನು ಕಳಚಿಕೊಳ್ಳುತ್ತದೆ. ಬಾಗಿದ ರಾಡು ಎತ್ತಿನ ಬಂಡಿಯ ಹಗ್ಗ ಹಿಡಿದ ಅನುಭವಿ ಕೈಯಂತೆ, ಎಳೆತ ಬಂದಾಗ ಬಿಟ್ಟುಕೊಟ್ಟು, ಸಡಿಲವಾದಾಗ ತಾನೇ ಎಳೆದುಕೊಂಡು ಬಿಗಿಯನ್ನು ಒಂದೇ ಹದದಲ್ಲಿ ಇಡುತ್ತದೆ. ಎಸೆತಕ್ಕೂ ಇದೇ ಲಾಭ. ಹಗುರ ಹುಸಿಮೀನಿನ ಭಾರಕ್ಕೂ ಬಾಗಿ ಚಿಮ್ಮುವ ರಾಡು ಅದನ್ನು ದೂರ ಒಯ್ಯುತ್ತದೆ. ಎಸೆತ ದೂರವಾದಷ್ಟೂ ಕ್ರಾಂಕ್‌ಬೇಟು ತನ್ನ ಪೂರ್ತಿ ಆಳದಲ್ಲಿ ಓಡುವ ಹಾದಿ ಉದ್ದವಾಗುತ್ತದೆ.

ಇದಕ್ಕೆ ಮೊದಲ ಆಕ್ಷೇಪ ಹೊಸ ಸಾಮಾನು ಬಲ್ಲವರದು. ಗಡುಸಾದ ಕಾರ್ಬನ್ ರಾಡಿನಲ್ಲಿ ತಳದ ಸಣ್ಣ ಕಲ್ಲು ತಾಗಿದರೂ ಕೈಗೆ ಗೊತ್ತಾಗುತ್ತದೆ, ಮೆತ್ತನೆಯ ರಾಡಿನಲ್ಲಿ ಅದೆಲ್ಲ ಕಳೆದುಹೋಗುತ್ತದೆ ಎನ್ನುತ್ತಾರೆ. ಮಾತಿನಲ್ಲಿ ಸತ್ಯವಿದೆ. ಫೈಬರ್‌ಗ್ಲಾಸ್ ರಾಡು ಭಾರ, ಬಾಗಿದ್ದು ನೆಟ್ಟಗಾಗುವುದೂ ನಿಧಾನ. ಕಾರ್ಬನ್ ಹಗುರ, ಚುರುಕು. ತಳದಲ್ಲಿ ಹುಳುವನ್ನು ತೆವಳಿಸಿ ಸಣ್ಣ ಕಚ್ಚನ್ನು ಬೆರಳಲ್ಲಿ ಅರಿಯಬೇಕಾದವರಿಗೆ ಕಾರ್ಬನ್ನಿನ ಚುರುಕು ಬೇಕೇ ಬೇಕು. ಆದರೆ ಕ್ರಾಂಕ್‌ಬೇಟಿಗೆ ಬರುವ ಹೊಡೆತ ಕದ್ದು ಬರುವಂಥದ್ದಲ್ಲ. ಓಡುವ ಬೇಟೆಯ ಮೇಲೆ ಎರಗಿದ ಮೀನಿನ ಪೆಟ್ಟು ಯಾವ ರಾಡಿನಲ್ಲಾದರೂ ಮೊಣಕೈವರೆಗೆ ತಿಳಿಯುತ್ತದೆ. ಇಲ್ಲಿ ಕೈಯ ಚುರುಕೇ ಹೆಚ್ಚಿನ ಸಲ ವೈರಿ, ಏಕೆಂದರೆ ತಿಳಿದ ಕೂಡಲೇ ಜಗ್ಗುತ್ತೇವೆ. ಎರಡೂ ಬೇಕೆನ್ನುವವರಿಗೆ ಗ್ಲಾಸ್ ಮತ್ತು ಕಾರ್ಬನ್ ಬೆರೆಸಿದ ಕಾಂಪೊಸಿಟ್ ರಾಡುಗಳಿವೆ. ಬರೀ ಕಾರ್ಬನ್ ರಾಡೇ ಆದರೂ ಮಾಡರೇಟ್ ಎಂದು ಬರೆದದ್ದಾದರೆ ಸಾಕು. ವಸ್ತುವಿಗಿಂತ ಬಾಗು ಮುಖ್ಯ.

ಎರಡನೆಯ ಆಕ್ಷೇಪ ಇಲ್ಲಿನ ಅನುಭವಿಗಳದು, ತೂಕದ್ದು. ಕೊರವದ ಬಾಯಿ ಮೂಳೆಯಷ್ಟು ಗಟ್ಟಿ, ಗಾಳ ಬಿದ್ದ ಕೂಡಲೇ ಜೊಂಡಿನೊಳಗೆ ನುಗ್ಗುತ್ತದೆ; ಮೆತ್ತನೆಯ ರಾಡು ಹಿಡಿದು ಏನು ಮಾಡುವುದು? ಜೊಂಡಿನ ಮೇಲೆ ರಬ್ಬರ್ ಕಪ್ಪೆ ಕುಣಿಸಿ ಕೊರವ ಹಿಡಿಯುವವರಿಗೆ ಈ ಮಾತು ಅಕ್ಷರಶಃ ಸರಿ. ಕಪ್ಪೆಯ ಗಾಳ ದಪ್ಪ, ದೊಡ್ಡದು. ಅದನ್ನು ಗಟ್ಟಿ ಬಾಯಿಗೆ ನೆಡಲು, ಮೀನನ್ನು ಸೊಪ್ಪಿನಿಂದ ಹೊರಗೆಳೆಯಲು ಹೆವಿ ರಾಡು, ಫಾಸ್ಟ್ ಆ್ಯಕ್ಷನ್, ದಪ್ಪ ಹೆಣೆದ ದಾರ ಇರಲೇಬೇಕು. ಆದರೆ ಅದು ಬೇರೆ ಜಾಗ, ಬೇರೆ ಗಾಳ. ಅದೇ ರಾಡಿಗೆ ಕ್ರಾಂಕ್‌ಬೇಟು ಕಟ್ಟಿದರೆ ತೆಳು ಮುಳ್ಳು ನೆಟ್ಟಗಾಗುತ್ತದೆ, ಇಲ್ಲವೇ ತುಟಿ ಹರಿಯುತ್ತದೆ. ಮೀನಿನ ಬಲಕ್ಕೆ ಉತ್ತರ ಕೊಡುವುದು ಪವರ್, ಗಾಳದ ಸ್ವಭಾವಕ್ಕೆ ಉತ್ತರ ಕೊಡುವುದು ಆ್ಯಕ್ಷನ್. ಬಾಳೆಮೀನಿನಂಥ ಬಲಶಾಲಿಯನ್ನು ನಿರೀಕ್ಷಿಸುವವರು ಮೀಡಿಯಂ ಬಿಟ್ಟು ಮೀಡಿಯಂ ಹೆವಿ ಪವರಿಗೆ ಏರಲಿ, ಬಾಗು ಮಾತ್ರ ಮಾಡರೇಟ್ ಆಗಿಯೇ ಇರಲಿ. ಉದ್ದ 7 ಅಡಿಯಿಂದ 7.5 ಅಡಿ, ಎಸೆಯಬಲ್ಲ ತೂಕ 7ರಿಂದ 21 ಗ್ರಾಂ ಎಂದು ಬರೆದ ರಾಡು ಇಲ್ಲಿನ ಹೆಚ್ಚಿನ ಕ್ರಾಂಕ್‌ಬೇಟುಗಳಿಗೆ ಹೊಂದುತ್ತದೆ.

ರೀಲಿನ ವಿಷಯ ಸುಲಭ. 5:1 ಎಂದರೆ ಹಿಡಿಯನ್ನು ಒಂದು ಸುತ್ತು ತಿರುಗಿಸಿದರೆ ದಾರ ಐದು ಸುತ್ತು ಸೇರುತ್ತದೆ ಎಂದರ್ಥ. ಆಳಕ್ಕಿಳಿಯುವ ಕ್ರಾಂಕ್‌ಬೇಟು ನೀರಿನಲ್ಲಿ ಭಾರವಾಗಿ ಎಳೆಯುತ್ತದೆ. ಅತಿ ವೇಗದ ರೀಲಿನಲ್ಲಿ ಕೈ ಬೇಗ ಸೋಲುತ್ತದೆ, ಹುಸಿಮೀನಿನ ಓಟವೂ ಹದ ತಪ್ಪುತ್ತದೆ. 5ರಿಂದ 6ರ ಒಳಗಿನ ಅನುಪಾತ ಸಾಕು. ನಮ್ಮಲ್ಲಿ ಹೆಚ್ಚಾಗಿ ಕೊಳ್ಳುವ 3000 ಅಳತೆಯ ಸ್ಪಿನ್ನಿಂಗ್ ರೀಲುಗಳಲ್ಲಿ ಈ ಅನುಪಾತದವು ಬೇಕಾದಷ್ಟಿವೆ. ದಾರದ ಆಯ್ಕೆಯಲ್ಲಿ ಮಾತ್ರ ಎಚ್ಚರ ಬೇಕು. ಹೆಣೆದ ದಾರ ಹಿಗ್ಗುವುದೇ ಇಲ್ಲ ಎನ್ನಬಹುದು, ನೀರಿನ ಮೇಲೆ ತೇಲುತ್ತದೆ; ನೈಲಾನ್ ತಂಗೂಸು ಹಿಗ್ಗುತ್ತದೆ; ಫ್ಲೂರೋಕಾರ್ಬನ್ ನೀರಿಗಿಂತ ಭಾರ, ಮುಳುಗುತ್ತದೆ. ಆಳದ ಮಡುವಿಗೆ 10ರಿಂದ 14 ಪೌಂಡಿನ ಫ್ಲೂರೋಕಾರ್ಬನ್ ಒಳ್ಳೆಯದು. ದಾರ ತೆಳುವಾದಷ್ಟೂ ಹುಸಿಮೀನು ಆಳಕ್ಕೆ ಹೋಗುತ್ತದೆ. ಸಾಧಾರಣ ನೀರಿಗೆ ಒಳ್ಳೆಯ ನೈಲಾನೇ ಸಾಕು, ಅದರ ಹಿಗ್ಗು ಇಲ್ಲಿ ದೋಷವಲ್ಲ, ಗುಣ. ಇನ್ನು ರೀಲಿನ ಡ್ರ್ಯಾಗ್ ಅನ್ನು, ಅಂದರೆ ಎಳೆತ ಹೆಚ್ಚಾದಾಗ ದಾರ ಬಿಟ್ಟುಕೊಡುವ ಬಿಗಿಯನ್ನು, ದಾರದ ಶಕ್ತಿಯ ಕಾಲುಭಾಗಕ್ಕೆ ಹೊಂದಿಸಿಕೊಳ್ಳಬೇಕು. 12 ಪೌಂಡ್, ಅಂದರೆ ಸುಮಾರು 5.4 ಕಿಲೊ ದಾರಕ್ಕೆ ಹೆಚ್ಚುಕಡಿಮೆ 1.4 ಕಿಲೊ ಎಳೆತಕ್ಕೆ ದಾರ ಬಿಚ್ಚಿಕೊಳ್ಳಬೇಕು. ಇದನ್ನು ಅಳೆಯಲು ಮನೆಯ ತೂಗುವ ಸ್ಪ್ರಿಂಗ್ ತಕ್ಕಡಿಯೇ ಸಾಕು.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಸರಳ: ಬಿದಿರಿನ ಕೋಲಿಗೂ ಎರೆಹುಳಕ್ಕೂ ಮೀನು ಬೀಳುವಾಗ ಇಷ್ಟೆಲ್ಲ ಖರ್ಚು ಏಕೆ? ಊಟಕ್ಕೆ ಮೀನು ಬೇಕಾದವರಿಗೆ ಖಂಡಿತ ಬೇಡ. ಅವರಿಗೆ ಹಳೆಯ ದಾರಿಯೇ ಅಗ್ಗ, ಅದೇ ಖಾತ್ರಿ. ಒಂದು ಹೊಳೆಯ ಹರಹನ್ನು ಎಸೆದೆಸೆದು ಹುಡುಕಿ ಬೇಟೆಮೀನನ್ನು ಕೆಣಕುವ ಆಟ ಬೇಕಾದವರಿಗೆ ಮಾತ್ರ ಈ ಲೆಕ್ಕಾಚಾರ. ಅವರಿಗೂ ಬಿದಿರು ಒಂದು ಪಾಠ ಕಲಿಸುತ್ತದೆ. ಬುಡದಿಂದ ತುದಿಯವರೆಗೆ ಬಳುಕುವ ಬಿದಿರು ಕೋಲಿನಲ್ಲಿ ರೀಲೇ ಇಲ್ಲದೆ ದೊಡ್ಡ ಮೀನುಗಳನ್ನು ದಡಕ್ಕೆ ತಂದವರಿದ್ದಾರೆ, ದಾರ ಹರಿಯದಂತೆ ಕಾದದ್ದು ಆ ಬಳುಕೇ. ಕೈಯಲ್ಲಿರುವ ಹಣದ ಮೊದಲ ಪಾಲು ಸರಿಯಾಗಿ ಬಾಗುವ ರಾಡಿಗೆ, ಎರಡನೆಯದು ಚೂಪಾದ ಗಾಳ ಮತ್ತು ಒಳ್ಳೆಯ ದಾರಕ್ಕೆ ಹೋಗಲಿ. ದುಬಾರಿ ರೀಲು, ಬಣ್ಣಬಣ್ಣದ ಹತ್ತಾರು ಹುಸಿಮೀನು ಕೊನೆಗೆ. ರಾಯಚೂರಿನ ಅಂಗಡಿಯಲ್ಲಿ ಕೊಂಡರೂ, ಮನೆಗೆ ತರಿಸಿಕೊಂಡರೂ ಪರೀಕ್ಷೆ ಒಂದೇ. ದಾರವನ್ನು ರಾಡಿನ ಉಂಗುರಗಳಲ್ಲಿ ಪೋಣಿಸಿ, ತುದಿಯನ್ನು ಇನ್ನೊಬ್ಬರ ಕೈಗೆ ಕೊಟ್ಟು ಮೆಲ್ಲಗೆ ಎಳೆಸಿ. ತುದಿಯೊಂದೇ ಬಾಗಿ ನಡು ನೆಟ್ಟಗೆ ನಿಂತರೆ ಆ ರಾಡು ಕ್ರಾಂಕ್‌ಬೇಟಿಗಲ್ಲ.

ನೀರಿಗಿಳಿಯುವ ಮುಂಚೆ ಮೂರು ಎಚ್ಚರಿಕೆ. ಹಲವು ಕೆರೆಗಳ ಮೀನಿನ ಹಕ್ಕು ಗುತ್ತಿಗೆಯ ಮೇಲೆ ಮೀನುಗಾರರ ಸಹಕಾರ ಸಂಘಗಳಿಗೆ ಸೇರಿರುತ್ತದೆ. ಕೇಳದೆ ಗಾಳ ಹಾಕುವುದು ಅವರ ಅನ್ನಕ್ಕೆ ಕೈ ಹಾಕಿದಂತೆ. ರಾಯಚೂರು ಸೀಮೆಯ ಕೃಷ್ಣೆಯಲ್ಲಿ ಮೊಸಳೆಗಳಿವೆ. ಸಿಕ್ಕಿಕೊಂಡ ಹುಸಿಮೀನು ಬಿಡಿಸಲು ಮಂಡಿಯಾಳದ ನೀರಿಗೂ ಇಳಿಯಬೇಡಿ. ಕಾರ್ಬನ್ ವಿದ್ಯುತ್ತನ್ನು ಹಾಯಿಸುತ್ತದೆ. ಶಕ್ತಿನಗರದ ಸುತ್ತಿನ ವಿದ್ಯುತ್ ಮಾರ್ಗಗಳ ಕೆಳಗೆ, ಕಾಲುವೆ ಏರಿಯ ಜೋತುಬಿದ್ದ ತಂತಿಗಳ ಹತ್ತಿರ, ಗುಡುಗು ಮಿಂಚಿನ ಹೊತ್ತಿನಲ್ಲಿ ಉದ್ದನೆಯ ರಾಡು ಎತ್ತುವುದು ಪ್ರಾಣಕ್ಕೇ ಅಪಾಯ. ಬಾಳೆಮೀನು ಇಂದು ಜಾಗತಿಕವಾಗಿ ಅಪಾಯದಂಚಿನ ಪಟ್ಟಿಯಲ್ಲಿರುವ ಮೀನು ಎಂಬುದೂ ನೆನಪಿರಲಿ. ಗಾಳದ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟಮಾಡಿಕೊಂಡರೆ ಅದನ್ನು ಹೆಚ್ಚು ಗಾಯವಿಲ್ಲದೆ ಮರಳಿ ಬಿಡಬಹುದು. ಹಿಮ್ಮುಳ್ಳಿಲ್ಲದ ಗಾಳದಲ್ಲಿ ಮೀನು ನಿಲ್ಲಬೇಕಾದರೆ ದಾರದ ಬಿಗಿ ಒಂದು ಕ್ಷಣವೂ ಸಡಿಲವಾಗಬಾರದು, ಆ ಕೆಲಸ ಗಡುಸು ರಾಡಿನಿಂದ ಆಗದು. ಆದ್ದರಿಂದ ರಾಡು ಕೊಳ್ಳುವಾಗ ಹೆಸರು, ಬೆಲೆಗಳನ್ನು ಬದಿಗಿಟ್ಟು ಮೊದಲು ಅದನ್ನು ಬಾಗಿಸಿ ನೋಡಿ.